ನಾಲ್ಕು ಕಾಗದದ ಊರಿಗೆ ಅಂಚೆ ಕಚೇರಿ ಬೇಕೆ?

ಪ್ರಶ್ನೆ: ನಮ್ಮೂರಿನ ಬ್ರಾಂಚ್ ಪೋಸ್ಟ್ ಆಫೀಸಿಗೆ ದಿನಕ್ಕೆ ನಾಲ್ಕು ಕಾಗದ ಬಂದರೆ ಹೆಚ್ಚು. ಎಷ್ಟೋ ದಿನ ಚೀಲದಲ್ಲಿ ಅದೂ ಇರುವುದಿಲ್ಲ. ಒಂದು ಕಾರ್ಡಿಗೆ ಇಲಾಖೆ ಹನ್ನೆರಡು ರೂಪಾಯಿ ಖರ್ಚು ಮಾಡಿ ನಮ್ಮಿಂದ ಐವತ್ತು ಪೈಸೆ ತೆಗೆದುಕೊಳ್ಳುತ್ತದೆ ಎಂದು ಎಲ್ಲೋ ಓದಿದೆ. ಬೆಂಗಳೂರಿನಿಂದ ಬಂದಾಗಲೆಲ್ಲ ಮಗ, 'ಇದನ್ನು ಮುಚ್ಚಿ ಆ ದುಡ್ಡಿನಲ್ಲಿ ರಸ್ತೆ ಮಾಡಿಸಬಾರದಾ' ಎನ್ನುತ್ತಾನೆ. ನನ್ನ ಹೆಂಡತಿ ಒಪ್ಪುವುದಿಲ್ಲ, ಅವಳ ಆರ್.ಡಿ. ಅಲ್ಲೇ ಇದೆ. ನಷ್ಟದಲ್ಲಿರುವ ಹಳ್ಳಿಯ ಅಂಚೆಗೆ ಸರ್ಕಾರ ದುಡ್ಡು ಕೊಡುತ್ತಲೇ ಇರಬೇಕೆ? ಇವರಿಬ್ಬರಲ್ಲಿ ಯಾರು ಸರಿ?
— ಓದುಗರೊಬ್ಬರು, ಹೊಸನಗರ ತಾಲ್ಲೂಕು

ಉತ್ತರ: ಅಂಚೆಯ ಬಗೆಗಿನ ಪ್ರಶ್ನೆ ಅಂಚೆಯಲ್ಲೇ, ಎರಡೂವರೆ ರೂಪಾಯಿಯ ಇನ್‌ಲ್ಯಾಂಡ್ ಲೆಟರಿನಲ್ಲಿ ಬಂದದ್ದು ನಮಗೆ ಖುಷಿ ಕೊಟ್ಟಿತು. ನಿಮ್ಮ ಮನೆಯ ಈ ವಾದದಲ್ಲಿ ಮಗನ ಮಾತಿನಲ್ಲೂ ಹುರುಳಿದೆ, ತಾಯಿಯ ಮಾತಿನಲ್ಲೂ ಹುರುಳಿದೆ. ನಡುವೆ ನಿಂತ ನಿಮಗೆ ಗೊಂದಲವಾದದ್ದು ಸಹಜ. 'ಅಂಚೆ ಇಲಾಖೆಗೆ ನಷ್ಟ' ಎಂಬ ಒಂದು ಸಾಲಿನ ಸುದ್ದಿಯೊಳಗೆ ಮೂರು ನಾಲ್ಕು ಬೇರೆ ಬೇರೆ ಲೆಕ್ಕಗಳು ಗಂಟು ಬಿದ್ದಿರುತ್ತವೆ. ಗಂಟು ಬಿಡಿಸದೆ ಹೌದು, ಅಲ್ಲ ಎಂದರೆ ಅದು ಉತ್ತರವಾಗುವುದಿಲ್ಲ.

ನೀವು ಕೇಳಿರುವುದು ಒಂದೇ ಪ್ರಶ್ನೆಯಂತೆ ಕಂಡರೂ ಅದರಲ್ಲಿ ಎರಡಿವೆ. ನಮ್ಮೂರಿನಂಥ ಸಣ್ಣ ಕಚೇರಿಗಳಿಂದಲೇ ಇಲಾಖೆಗೆ ಇಷ್ಟು ನಷ್ಟವೇ ಎಂಬುದು ಒಂದು. ನಷ್ಟವೆಂದು ಗೊತ್ತಿದ್ದೂ ಎಲ್ಲರ ತೆರಿಗೆಯ ದುಡ್ಡನ್ನು ಅಲ್ಲಿಗೆ ಹಾಕುವುದು ನ್ಯಾಯವೇ ಎಂಬುದು ಇನ್ನೊಂದು. ಮೊದಲನೆಯದು ಲೆಕ್ಕದ ಪ್ರಶ್ನೆ, ಎರಡನೆಯದು ವಿವೇಚನೆಯ ಪ್ರಶ್ನೆ. ಲೆಕ್ಕವನ್ನೇ ಮೊದಲು ನೋಡೋಣ.

ಹಳ್ಳಿಯ ಶಾಖಾ ಅಂಚೆ ಕಚೇರಿ ಲಾಭ ಮಾಡಬೇಕೆಂದು ಇಲಾಖೆ ಎಂದೂ ನಿರೀಕ್ಷಿಸಿಲ್ಲ. ಅದು ನಷ್ಟದಲ್ಲಿ ನಡೆಯುತ್ತದೆ ಎಂಬುದು ಕಚೇರಿ ತೆರೆಯುವ ನಿಯಮದಲ್ಲೇ ಬರೆದಿದೆ. ಸಾಮಾನ್ಯ ಗ್ರಾಮೀಣ ಪ್ರದೇಶದಲ್ಲಿ ಹೊಸ ಶಾಖಾ ಕಚೇರಿ ತೆರೆಯಲು ಬಹುಕಾಲದಿಂದ ಇರುವ ಮಾನದಂಡ ಇದು: ಸುತ್ತಲಿನ ಹಳ್ಳಿಗಳು ಸೇರಿ 3,000 ಜನ ಇರಬೇಕು, ಹತ್ತಿರದ ಇನ್ನೊಂದು ಅಂಚೆ ಕಚೇರಿ ಕನಿಷ್ಠ 3 ಕಿಲೋಮೀಟರ್ ದೂರದಲ್ಲಿರಬೇಕು, ಬರಬಹುದಾದ ಆದಾಯ ಖರ್ಚಿನ ಮೂರನೇ ಒಂದು ಭಾಗವಾದರೂ ಇರಬೇಕು. ಗುಡ್ಡಗಾಡು, ಬುಡಕಟ್ಟು, ಮರುಭೂಮಿ ಪ್ರದೇಶಗಳಿಗೆ ಇನ್ನೂ ಸಡಿಲ; ಒಂದೇ ಹಳ್ಳಿಯಲ್ಲಿ 500 ಜನರಿದ್ದರೆ ಸಾಕು, ಆದಾಯ ಖರ್ಚಿನ ಶೇಕಡಾ 15ರಷ್ಟು ಬಂದರೂ ಸಾಕು. ಅಂದರೆ ಬಯಲಿನ ಹಳ್ಳಿಯಲ್ಲಿ ನೂರು ರೂಪಾಯಿ ಖರ್ಚಿಗೆ ಅರವತ್ತಾರು ರೂಪಾಯಿಯಷ್ಟು, ಗುಡ್ಡದ ಹಳ್ಳಿಯಲ್ಲಿ ಎಂಬತ್ತೈದು ರೂಪಾಯಿಯವರೆಗೆ ಸರ್ಕಾರವೇ ಭರಿಸುತ್ತದೆ ಎಂದು ಮೊದಲೇ ಒಪ್ಪಿಕೊಂಡಾಗಿದೆ. ಇದು ಯಾರದೋ ಕೈತಪ್ಪಿನಿಂದ ಸೋರಿಹೋದ ದುಡ್ಡಲ್ಲ, ಗೊತ್ತಿದ್ದೇ ಕೊಡುವ ದುಡ್ಡು. ಅದು ಕಡಿಮೆಯಾಯಿತೋ ಹೆಚ್ಚಾಯಿತೋ ಎಂದು ಜಗಳವಾಡಬಹುದು. ಆದರೆ 'ಈಚೆಗೆ ನಷ್ಟಕ್ಕೆ ಬಿತ್ತು' ಎನ್ನುವ ಹಾಗಿಲ್ಲ.

ಈಗ ನಿಮ್ಮ ಹನ್ನೆರಡು ರೂಪಾಯಿಗೆ ಬರೋಣ. ನೀವು ಓದಿದ್ದು ಸುಳ್ಳಲ್ಲ. ಇಲಾಖೆಯ 2016-17ರ ಲೆಕ್ಕದಲ್ಲಿ ಒಂದು ಪೋಸ್ಟ್ ಕಾರ್ಡಿನ ಸರಾಸರಿ ವೆಚ್ಚ 12 ರೂಪಾಯಿ ದಾಟಿತ್ತು, ಬಂದ ಆದಾಯ 50 ಪೈಸೆ. ಇಲ್ಲಿ ಬಹಳ ಜನ ಮಾಡಿಕೊಳ್ಳುವ ಒಂದು ತಪ್ಪು ಕಲ್ಪನೆಯನ್ನು ನಿವಾರಿಸಬೇಕು. 'ಒಂದು ಕಾರ್ಡಿಗೆ ಹನ್ನೊಂದೂವರೆ ರೂಪಾಯಿ ನಷ್ಟ, ಹಾಗಾದರೆ ನಾನೊಂದು ಕಾರ್ಡು ಬರೆಯದಿದ್ದರೆ ಸರ್ಕಾರಕ್ಕೆ ಹನ್ನೊಂದೂವರೆ ರೂಪಾಯಿ ಉಳಿತಾಯ' ಎಂದು ಅನ್ನಿಸುತ್ತದೆ, ಅಲ್ಲವೇ? ಆದರೆ ಉಳಿಯುವುದು ಏನೂ ಇಲ್ಲ.

ನಿಮ್ಮೂರಿಗೆ ಬೆಳಗಿನ ಬಸ್ಸು ಬರುತ್ತದೆ. ಅದರಲ್ಲಿ ಇಪ್ಪತ್ತು ಜನ ಬಂದರೆ ತಲೆಗೆ ಇಷ್ಟು ಖರ್ಚು, ನಾಲ್ಕೇ ಜನ ಬಂದರೆ ಅದರ ಐದು ಪಟ್ಟು. ಹಾಗೆಂದು ನಾಲ್ಕನೆಯವರು ಮನೆಯಲ್ಲೇ ಉಳಿದರೆ ಡೀಸೆಲ್ ಕಡಿಮೆ ಸುಡುತ್ತದೆಯೇ? ಅಂಚೆಯೂ ಹಾಗೆಯೇ. ಚೀಲ ಕಟ್ಟುವವರು, ವಿಂಗಡಿಸುವವರು, ಚೀಲ ಹೊತ್ತ ಬಸ್ಸು, ಬಾಗಿಲು ತೆರೆದು ಕೂತ ಪೋಸ್ಟ್ ಮಾಸ್ಟರ್, ತೋಟದ ದಾರಿ ಹಿಡಿದ ಪೋಸ್ಟ್‌ಮ್ಯಾನ್, ಇವರೆಲ್ಲರ ಖರ್ಚು ನಾಲ್ಕು ಕಾಗದವಿದ್ದರೂ ಅಷ್ಟೇ, ನಲವತ್ತಿದ್ದರೂ ಹೆಚ್ಚುಕಡಿಮೆ ಅಷ್ಟೇ. ಒಟ್ಟು ಖರ್ಚನ್ನು ಕಾಗದಗಳ ಮೇಲೆ ಹಂಚಿದಾಗ ಬರುವ ಅಂಕಿ ಆ ಹನ್ನೆರಡು ರೂಪಾಯಿ. ಕಾಗದ ಕಡಿಮೆಯಾದಷ್ಟೂ ಅದು ತಾನಾಗಿ ಏರುತ್ತದೆ. ಹೀಗಾಗಿ ಅದರಿಂದ ತಿಳಿಯುವುದು ಜನ ಎಷ್ಟು ಕಡಿಮೆ ಬರೆಯುತ್ತಿದ್ದಾರೆ ಎಂಬುದೇ ಹೊರತು ಕಾರ್ಡು ಎಷ್ಟು ದುಬಾರಿ ಎಂಬುದಲ್ಲ. ಅಂಚೆಯ ಅಭಿಮಾನಿಗಳೂ ವಿರೋಧಿಗಳೂ ಈ ಅಂಕಿಯನ್ನು ತಮತಮಗೆ ಬೇಕಾದಂತೆ ಝಳಪಿಸುವುದನ್ನು ನೋಡಿದ್ದೇನೆ. ಇಬ್ಬರಿಗೂ ಅದು ಅಷ್ಟೇನೂ ಸಹಾಯ ಮಾಡುವುದಿಲ್ಲ.

ಹಾಗಾದರೆ ಉಳಿತಾಯ ಆಗುವುದು ಯಾವಾಗ? ಕಚೇರಿಯನ್ನೇ ಮುಚ್ಚಿದಾಗ. ನಿಮ್ಮ ಮಗ ಹೇಳುತ್ತಿರುವುದೂ ಅದನ್ನೇ. ಎಷ್ಟು ಉಳಿದೀತು, ಒಂದು ಒರಟು ಲೆಕ್ಕ ಹಾಕಿ ನೋಡೋಣ.

ಶಾಖಾ ಕಚೇರಿಯನ್ನು ನಡೆಸುವವರು ಪೂರ್ಣಾವಧಿ ಸರ್ಕಾರಿ ನೌಕರರಲ್ಲ, ಗ್ರಾಮೀಣ ಡಾಕ್ ಸೇವಕರು. 2018ರ ಜುಲೈನಿಂದ ಜಾರಿಯಾದ ಪರಿಷ್ಕರಣೆಯಂತೆ ದಿನಕ್ಕೆ ನಾಲ್ಕು ಗಂಟೆ ಕೆಲಸದ ಬ್ರಾಂಚ್ ಪೋಸ್ಟ್ ಮಾಸ್ಟರಿಗೆ ತಿಂಗಳಿಗೆ ಕನಿಷ್ಠ 12,000 ರೂಪಾಯಿ, ಸಹಾಯಕರಿಗೆ 10,000 ರೂಪಾಯಿ ಭತ್ಯೆ. ತುಟ್ಟಿಭತ್ಯೆ ಇದಕ್ಕೆ ಸೇರುತ್ತದೆ. ಇಬ್ಬರೂ ಸೇರಿ ವರ್ಷಕ್ಕೆ 2,64,000. ದೇಶದಲ್ಲಿ ಆಗ ಇದ್ದ ಶಾಖಾ ಕಚೇರಿಗಳು ಸುಮಾರು 1,30,000. ಗುಣಿಸಿದರೆ 3,400 ಕೋಟಿ ಚಿಲ್ಲರೆ. ಎಲ್ಲ ಕಚೇರಿಗಳೂ ನಿಯಮ ಹೇಳುವ ಮೂರನೇ ಒಂದು ಭಾಗದಷ್ಟು ಮಾತ್ರ ಗಳಿಸುತ್ತವೆ ಎಂದಿಟ್ಟುಕೊಂಡರೆ ಕೊರತೆ 2,300 ಕೋಟಿಯ ಆಸುಪಾಸು. ನಾನು ಬಿಟ್ಟಿರುವ ತುಟ್ಟಿಭತ್ಯೆ, ಸಾಗಣೆ, ಕಾಗದಪತ್ರ ಎಲ್ಲ ಸೇರಿಸಿ ಬೇಕಾದರೆ ಅದನ್ನು ಎರಡರಷ್ಟು ಮಾಡಿಕೊಳ್ಳಿ, 4,600 ಕೋಟಿ. ಅದೇ ಹೊತ್ತಿನ, ಎಂದರೆ 2018-19ರ, ಇಲಾಖೆಯ ಒಟ್ಟು ಕೊರತೆ ಎಂದು ವರದಿಯಾದದ್ದು ಸುಮಾರು 15,000 ಕೋಟಿ. ದೇಶದ ಅಂಚೆ ಕಚೇರಿಗಳಲ್ಲಿ ಹೆಚ್ಚಿನ ಪಾಲು ಶಾಖಾ ಕಚೇರಿಗಳೇ ಆಗಿದ್ದರೂ ನಷ್ಟದಲ್ಲಿ ಅವುಗಳ ಪಾಲು ಮೂರನೇ ಒಂದು ಭಾಗವೂ ಆಗುವುದಿಲ್ಲ.

ಉಳಿದದ್ದು ಎಲ್ಲಿಂದ ಬಂತು? ಅದೇ ವರ್ಷ ಸಂಬಳ, ಭತ್ಯೆಗಳಿಗೆ ಹೋದದ್ದು ಸುಮಾರು 16,600 ಕೋಟಿ, ಪಿಂಚಣಿಗೆ ಸುಮಾರು 9,800 ಕೋಟಿ. ಇಲಾಖೆಯ ಆದಾಯ ಸುಮಾರು 18,000 ಕೋಟಿ. ಪಿಂಚಣಿಯ ಅಂಕಿಯನ್ನು ಇನ್ನೊಮ್ಮೆ ನೋಡಿ. ಕೊರತೆಯ ಮೂರನೇ ಎರಡು ಭಾಗ ಅದೊಂದೇ. ಅದು ಹಿಂದಿನ ಕಾಲದಲ್ಲಿ ದುಡಿದವರ ಹಕ್ಕಿನ ದುಡ್ಡು. ನಿಮ್ಮೂರಿನ ಕಚೇರಿಗೆ ನಾಳೆ ಬೀಗ ಹಾಕಿದರೂ ಅದರಲ್ಲಿ ಒಂದು ಪೈಸೆ ಕಡಿಮೆಯಾಗುವುದಿಲ್ಲ. ಅಷ್ಟೇ ಅಲ್ಲ, ನಿಮ್ಮೂರಿನ ಪೋಸ್ಟ್ ಮಾಸ್ಟರಿಗೆ ಆ ಪಿಂಚಣಿಯ ಹಕ್ಕೂ ಇಲ್ಲ. ಗ್ರಾಮೀಣ ಡಾಕ್ ಸೇವಕರು ಆ ವ್ಯವಸ್ಥೆಯ ಹೊರಗಿನವರು. ಶಿಕ್ಷಣ ಇಲಾಖೆಯ ನಿವೃತ್ತ ಮೇಷ್ಟರ ಪಿಂಚಣಿಯನ್ನು ಯಾರೂ 'ಶಾಲೆಗಳ ನಷ್ಟ' ಎನ್ನುವುದಿಲ್ಲ. ಅಂಚೆಗೆ ಮಾತ್ರ ಹಾಗೆ ಅನ್ನಿಸಿಕೊಳ್ಳುವ ಪಾಡು, ಏಕೆಂದರೆ ಅದು ಇಲಾಖೆಯೂ ಹೌದು, ಅಂಗಡಿಯಂತೆ ಲೆಕ್ಕ ಇಡಬೇಕಾದದ್ದೂ ಹೌದು.

ಹಾಗಾಗಿ ಮೊದಲ ಪ್ರಶ್ನೆಗೆ ಉತ್ತರ: ನಿಮ್ಮೂರಿನ ಕಚೇರಿ ನಷ್ಟದಲ್ಲಿದೆ, ನಿಜ. ಇಲಾಖೆಯ ದೊಡ್ಡ ನಷ್ಟಕ್ಕೆ ಮುಖ್ಯ ಕಾರಣ ಅದಲ್ಲ.

ಇನ್ನು ಎರಡನೆಯದು, ತೆರಿಗೆಯ ದುಡ್ಡು ಹಾಕುವುದು ನ್ಯಾಯವೇ ಎಂಬುದು. ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1854ರ ಅಕ್ಟೋಬರಿನಲ್ಲಿ ಭಾರತದಲ್ಲಿ ಅಂಚೆಚೀಟಿ ಬಂದಾಗ ಒಂದು ದೊಡ್ಡ ಬದಲಾವಣೆ ಆಯಿತು. ಅದುವರೆಗೆ ದೂರಕ್ಕೆ ತಕ್ಕ ದರವಿತ್ತು, ಆಮೇಲೆ ತೂಕಕ್ಕೆ ತಕ್ಕ ದರ. ದೂರ ಲೆಕ್ಕಕ್ಕಿಲ್ಲ. ಬಸವನಗುಡಿಯಿಂದ ಜಯನಗರಕ್ಕೆ ಹೋಗುವ ಲಕೋಟೆಗೂ ಐದು ರೂಪಾಯಿ, ಬಸವನಗುಡಿಯಿಂದ ಜೋಯಿಡಾದ ಕಾಡಿನ ಹಳ್ಳಿಗೆ ಹೋಗುವ ಲಕೋಟೆಗೂ ಅದೇ ಐದು ರೂಪಾಯಿ. ಎರಡನೆಯದನ್ನು ಮುಟ್ಟಿಸಲು ತಗಲುವ ಖರ್ಚನ್ನು ಯಾರೋ ಕೊಡಲೇಬೇಕಷ್ಟೆ. ಒಂದೇ ಬೆಲೆಯ ಅಂಚೆಚೀಟಿ ಎಂದರೇನೇ ಒಂದು ಬಗೆಯ ಸಹಾಯಧನ. ಅದರ ಮೇಲೆ ಆ ಹೆಸರು ಬರೆದಿರಲಿಲ್ಲ, ಅಷ್ಟೆ.

ಊರಿನ ಕಟ್ಟೋಣವೂ ಇಲ್ಲಿ ಮುಖ್ಯ. ಬಯಲುಸೀಮೆಯಲ್ಲಿ ಊರೆಂದರೆ ಒತ್ತೊತ್ತಾಗಿ ಮನೆಗಳು. ಪೋಸ್ಟ್‌ಮ್ಯಾನ್ ಅರಳಿಕಟ್ಟೆಯ ಹತ್ತಿರ ಸೈಕಲ್ ನಿಲ್ಲಿಸಿ ಹೆಸರು ಕೂಗಿದರೆ ಅರ್ಧ ಬಟವಾಡೆ ಮುಗಿದಂತೆ. ನಿಮ್ಮ ಮಲೆನಾಡಿನಲ್ಲಿ ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಒಂದು ತೋಟ, ಒಂದು ಗದ್ದೆ ಬಯಲು, ಮಳೆಗಾಲದಲ್ಲಿ ದಾಟಲು ಒಂದು ಕಾಲುಸಂಕ. ಒಂದೇ ಒಂದು ಕಾಗದಕ್ಕಾಗಿ ಆ ಸಂಕ ದಾಟಬೇಕು. ಕಾಗದವನ್ನು ರಸ್ತೆ ಬದಿಯ ಅಂಗಡಿಯಲ್ಲಿ ಇಟ್ಟುಹೋಗುವ ಪದ್ಧತಿ ಸುಮ್ಮನೆ ಬಂದದ್ದಲ್ಲ.

ಈ ಖರ್ಚನ್ನು ಮೊದಲು ಯಾರು ಕೊಡುತ್ತಿದ್ದರು? ಬ್ರಿಟಿಷರ ಕಾಲದಲ್ಲಿ ಹಳ್ಳಿಯ ಕಡೆಯ ಅಂಚೆಯನ್ನು 'ಜಿಲ್ಲಾ ಅಂಚೆ' ಎಂದು ಬೇರೆಯೇ ನಡೆಸುತ್ತಿದ್ದರು. ಅದಕ್ಕೆ ಸ್ಥಳೀಯ ಕರ ಹಾಕುತ್ತಿದ್ದರು. ಎಂದರೆ ದೂರದ ಊರಿನವರು ತಮ್ಮ ದೂರಕ್ಕೆ ತಾವೇ ದಂಡ ಕಟ್ಟಿದ ಹಾಗೆ. ಇದು ಸರಿಯಲ್ಲವೆಂದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದನ್ನು ಕೈಬಿಟ್ಟು ಎಲ್ಲವನ್ನೂ ಮುಖ್ಯ ಅಂಚೆ ವ್ಯವಸ್ಥೆಗೆ ಸೇರಿಸಿದರು. ಸ್ವಾತಂತ್ರ್ಯಾನಂತರ ಅಂಚೆ ಮತ್ತು ತಂತಿ ಒಂದೇ ಇಲಾಖೆಯಾಗಿದ್ದುದರಿಂದ ಟೆಲಿಫೋನಿನ ಗಳಿಕೆ ಅಂಚೆಯ ತೂತು ಮುಚ್ಚುತ್ತಿತ್ತು. ಟ್ರಂಕ್ ಕಾಲ್ ಮಾಡಿದ ಪೇಟೆಯ ವರ್ತಕರು ಗೊತ್ತಿಲ್ಲದೆಯೇ ನಿಮ್ಮೂರಿನ ಕಾರ್ಡಿನ ಖರ್ಚು ಕೊಡುತ್ತಿದ್ದರು. 1985ರ ಜನವರಿಯಲ್ಲಿ ಎರಡೂ ಇಲಾಖೆಗಳು ಬೇರೆಯಾದವು. ಹಸು ಒಬ್ಬರಿಗೆ, ಗೊಂತು ಇನ್ನೊಬ್ಬರಿಗೆ ಎಂಬಂತಾಯಿತು. ಪೇಟೆಯ ಕಾಗದಗಳ ಲಾಭ ಹಳ್ಳಿಯ ನಷ್ಟವನ್ನು ಹೊರುವ ಇನ್ನೊಂದು ದಾರಿಯೂ ಇತ್ತು, ಕೊರಿಯರ್‌ನವರು ಬಂದು ಪೇಟೆಯ ಲಾಭದ ಕಾಗದಗಳನ್ನು ಎತ್ತಿಕೊಂಡರು. ಕಾಗದ ಸಾಗಿಸುವ ಏಕಮಾತ್ರ ಹಕ್ಕು ಸರ್ಕಾರದ್ದು ಎಂದು 1898ರ ಕಾಯ್ದೆ ಹೇಳುತ್ತಿದ್ದದ್ದು ಕಾಗದದ ಮೇಲಷ್ಟೇ ಉಳಿದಿತ್ತು. 2024ರ ಜೂನ್‌ನಲ್ಲಿ ಜಾರಿಯಾದ ಹೊಸ ಅಂಚೆ ಕಚೇರಿ ಕಾಯ್ದೆ ಆ ಮಾತನ್ನೂ ತೆಗೆದುಹಾಕಿತು. ಹೀಗೆ ಒಳಗೊಳಗೇ ನಡೆಯುತ್ತಿದ್ದ ಸಹಾಯಧನದ ದಾರಿಗಳು ಒಂದೊಂದಾಗಿ ಮುಚ್ಚಿದ್ದರಿಂದ ಈಗ ಅದು ಬಜೆಟ್ಟಿನಲ್ಲಿ ಎದ್ದು ಕಾಣುತ್ತಿದೆ. ಖರ್ಚು ಹೊಸದಲ್ಲ, ಕಾಣುವುದು ಹೊಸದು.

ಕಾಣುವುದು ಒಳ್ಳೆಯದೇ. ಕಂಡರೆ 'ಇದು ಬೇಕೇ' ಎಂದು ನಿಮ್ಮ ಮಗನಂತೆ ಕೇಳಬಹುದು. ಆ ಪ್ರಶ್ನೆಗೆ ನಾನು ಬಳಸುವ ಅಳತೆಗೋಲು ಒಂದೇ: ಈ ಸೇವೆ ನಿಂತರೆ ಅದನ್ನು ನೆಚ್ಚಿಕೊಂಡವರಿಗೆ ಬೇರೆ ಏನಿದೆ?

ತಂತಿ ಸೇವೆಯನ್ನು ನೆನಪಿಸಿಕೊಳ್ಳಿ. 2013ರ ಜುಲೈನಲ್ಲಿ ಅದನ್ನು ನಿಲ್ಲಿಸಿದಾಗ ಪತ್ರಿಕೆಗಳ ತುಂಬ ನೆನಪಿನ ಬರಹಗಳು ಬಂದವು. ಆದರೆ ತಂತಿ ಇಲ್ಲದೆ ಕಂಗೆಟ್ಟವರು ಯಾರೂ ಇರಲಿಲ್ಲ. ಸಾವಿನ ಸುದ್ದಿ ಅಷ್ಟರಲ್ಲಿ ಮೊಬೈಲಿನಲ್ಲಿ ಬರುತ್ತಿತ್ತು. ನಷ್ಟ ಕೊಟ್ಟು ಅದನ್ನು ಉಳಿಸಿಕೊಳ್ಳಬೇಕಿತ್ತು ಎಂದು ನನಗೆ ಅನ್ನಿಸುವುದಿಲ್ಲ. ಡೆನ್ಮಾರ್ಕ್ ಇನ್ನೂ ಮುಂದೆ ಹೋಗಿದೆ. ಅಲ್ಲಿ 2000ದಲ್ಲಿ ವರ್ಷಕ್ಕೆ ಸುಮಾರು 140 ಕೋಟಿ ಇದ್ದ ಕಾಗದಗಳು 2024ರ ಹೊತ್ತಿಗೆ 11 ಕೋಟಿಗೆ ಇಳಿದವು. 1624ರಿಂದ ನಡೆದುಬಂದ ಸರ್ಕಾರಿ ಅಂಚೆ 2025ರ ಕೊನೆಗೆ ಕಾಗದ ಹಂಚುವುದನ್ನೇ ನಿಲ್ಲಿಸಿತು. ಆದರೆ ಅಲ್ಲಿ ಸರ್ಕಾರದ ಪತ್ರಗಳೆಲ್ಲ ಬಹಳ ಹಿಂದೆಯೇ ಜನರ ಡಿಜಿಟಲ್ ಪೆಟ್ಟಿಗೆಗೆ ಹೋಗತೊಡಗಿದ್ದವು. ಅಮೆರಿಕದಲ್ಲಿ ಇದಕ್ಕೆ ವಿರುದ್ಧವಾದ ನೀತಿ: ಬರೀ ನಷ್ಟವಾಗುತ್ತಿದೆ ಎಂಬ ಕಾರಣಕ್ಕೆ ಯಾವ ಸಣ್ಣ ಅಂಚೆ ಕಚೇರಿಯನ್ನೂ ಮುಚ್ಚಬಾರದು ಎಂದು ಅಲ್ಲಿನ ಕಾನೂನಿನಲ್ಲೇ ಇದೆ. ಎರಡೂ ಶ್ರೀಮಂತ ದೇಶಗಳೇ. ಒಂದು ಪುಟ್ಟದು, ಸಮತಟ್ಟಾದದ್ದು, ಇನ್ನೊಂದು ಹಬ್ಬಿಹರಡಿದ್ದು.

ಇದೇ ಅಳತೆಗೋಲನ್ನು ನಿಮ್ಮೂರಿಗೆ ಇಟ್ಟು ನೋಡೋಣ. ಚೀಲದಲ್ಲಿ ನಾಲ್ಕು ಕಾಗದ ಎಂದಿರಿ. ಯಾವ ನಾಲ್ಕು? ಕುಶಲ ಕೇಳುವ ಕಾಗದಗಳು ಹೋದವು, ಅವು ಮತ್ತೆ ಬರುವುದಿಲ್ಲ. ಈಗ ಬರುವುದು ಆಧಾರ್ ಕಾರ್ಡು, ಎಟಿಎಂ ಕಾರ್ಡು, ನ್ಯಾಯಾಲಯದ ನೋಟಿಸು, ಕೆಲಸದ ಸಂದರ್ಶನದ ಕರೆ, ಸ್ಪೀಡ್ ಪೋಸ್ಟಿನಲ್ಲಿ ಪಾಸ್‌ಪೋರ್ಟು, ಮೂಲೆಗೆ ಅರಿಸಿನ ಹಚ್ಚಿದ ಮದುವೆಯ ಕರೆಯೋಲೆ. ಎಣಿಕೆ ಇಳಿದಿದೆ, ಆದರೆ ಒಂದೊಂದು ಕಾಗದದ ತೂಕ ಏರಿದೆ. ಇವನ್ನು ಬೇರೆಯವರು ತಂದುಕೊಡುತ್ತಾರೆಯೇ? ನಿಮ್ಮ ಪಿನ್‌ಕೋಡನ್ನು ಯಾವುದಾದರೂ ಆನ್‌ಲೈನ್ ಅಂಗಡಿಯಲ್ಲಿ ಒತ್ತಿನೋಡಿ. 'ಈ ಸ್ಥಳಕ್ಕೆ ತಲುಪಿಸಲಾಗುವುದಿಲ್ಲ' ಎಂಬ ಉತ್ತರ ಮಲೆನಾಡಿನ ಎಷ್ಟೋ ಹಳ್ಳಿಗಳಿಗೆ ಪರಿಚಿತ. ಯಾವ ಮೂಲೆಯನ್ನೂ ಬಿಡದೆ ಕಾಗದ ಮುಟ್ಟಿಸಲೆಂದು 1972ರ ಆಗಸ್ಟ್ 15ರಂದು ಅಂಚೆ ಇಲಾಖೆ ತಂದ ಆ ಆರಂಕಿ, ಈಗ ಯಾವ ಮೂಲೆಯನ್ನು ಬಿಡಬಹುದು ಎಂದು ಆರಿಸಲು ಉಪಯೋಗವಾಗುತ್ತಿರುವುದು ತಮಾಷೆಯೋ ವಿಷಾದವೋ ನೀವೇ ಹೇಳಬೇಕು.

ಆಮೇಲೆ ನಿಮ್ಮ ಮನೆಯವರ ಆರ್.ಡಿ. ಇದನ್ನು ನೀವು ಸಣ್ಣ ಸಂಗತಿ ಎಂಬಂತೆ ಬರೆದಿದ್ದೀರಿ, ನನಗೆ ಅದೇ ಮುಖ್ಯವಾಗಿ ಕಂಡಿತು. ಅಂಚೆ ಕಚೇರಿಯ ಉಳಿತಾಯ ಬ್ಯಾಂಕು 1882ರಷ್ಟು ಹಳೆಯದು. ಗ್ರಾಮೀಣ ಅಂಚೆ ಜೀವ ವಿಮೆ 1995ರಲ್ಲಿ ಬಂತು, ಅಂಚೆ ಪೇಮೆಂಟ್ಸ್ ಬ್ಯಾಂಕ್ 2018ರಲ್ಲಿ. ಈಗ ಹೆಬ್ಬೆಟ್ಟು ಒತ್ತಿ ಬ್ಯಾಂಕಿನ ಹಣವನ್ನು ಮನೆ ಬಾಗಿಲಲ್ಲೇ ಪೋಸ್ಟ್‌ಮ್ಯಾನ್ ಕೈಯಿಂದ ಪಡೆಯಬಹುದು. ಕಾಗದದ ಚೀಲ ಮಾತ್ರ ನೋಡಿ ಕಚೇರಿಯನ್ನು ಅಳೆದರೆ ಇದೆಲ್ಲ ತಪ್ಪಿಹೋಗುತ್ತದೆ. ಹೊಸನಗರದ ಬ್ಯಾಂಕಿಗೆ ಹೋಗಿಬರಲು ಒಂದು ದಿನದ ಕೂಲಿ, ಮೇಲೆ ಬಸ್ ಚಾರ್ಜು. ತಿಂಗಳಿಗೆ ಐನೂರು ರೂಪಾಯಿ ಆರ್.ಡಿ. ಕಟ್ಟುವ ಹೆಂಗಸು ಆ ಲೆಕ್ಕ ಹಾಕಿದರೆ ಆರ್.ಡಿ. ಕಟ್ಟುವುದನ್ನೇ ಬಿಡುತ್ತಾಳೆ.

ಹಾಗಾಗಿ ನನ್ನ ಅಭಿಪ್ರಾಯ ನಿಮ್ಮ ಮನೆಯವರ ಕಡೆಗಿದೆ: ಸಹಾಯಧನ ಕೊಡಬೇಕು. ಆದರೆ ನಿಮ್ಮ ಮಗನ ಅಸಮಾಧಾನದಲ್ಲೂ ಒಂದು ಸರಿಯಾದ ಮಾತಿದೆ, ಅದನ್ನು ಬಿಡಬಾರದು. ದುಡ್ಡು ಕೊಡುವ ರೀತಿ ಸರಿಯಿಲ್ಲ. ವರ್ಷದ ಕೊನೆಗೆ ಎಷ್ಟು ಕೊರತೆಯಾಯಿತೋ ಅಷ್ಟನ್ನು ಖಜಾನೆಯಿಂದ ತುಂಬಿಕೊಟ್ಟರೆ ಯಾವ ಕೆಲಸಕ್ಕೆ ಎಷ್ಟು ಕೊಟ್ಟೆವು ಎಂದು ಕೊಟ್ಟವರಿಗೂ ಗೊತ್ತಾಗುವುದಿಲ್ಲ, ಪಡೆದವರಿಗೂ ಗೊತ್ತಾಗುವುದಿಲ್ಲ. ಜೋಯಿಡಾದ ಕಚೇರಿ ಉಳಿಸಲು ಕೊಟ್ಟ ದುಡ್ಡು, ಪಿಂಚಣಿಯ ದುಡ್ಡು, ಪೇಟೆಯಲ್ಲಿ ಕೆಲಸವಿಲ್ಲದೆ ಉಳಿದ ಕೌಂಟರಿನ ದುಡ್ಡು ಎಲ್ಲ ಒಂದೇ ಮಡಕೆಗೆ ಬೀಳುತ್ತವೆ. ಆಗ ಕತ್ತರಿ ಹಾಕುವವರು ಸುಲಭವಾಗಿ ಕೈಗೆಟುಕುವ ಹಳ್ಳಿಯ ಕಚೇರಿಯನ್ನೇ ಹುಡುಕುತ್ತಾರೆ.

ಬೇರೆ ರೀತಿ ಇದೆಯೇ ಎಂದರೆ ಇದೆ, ದೂರ ಹೋಗಬೇಕಿಲ್ಲ. 2023ರ ಜೂನ್ 11ರಿಂದ ಕರ್ನಾಟಕದಲ್ಲಿ ಶಕ್ತಿ ಯೋಜನೆ ನಡೆಯುತ್ತಿದೆ. ಹೆಂಗಸರಿಗೆ ಕೊಟ್ಟ ಒಂದೊಂದು ಶೂನ್ಯ ಟಿಕೆಟ್ಟಿನ ಲೆಕ್ಕ ಇಟ್ಟು ರಾಜ್ಯ ಸರ್ಕಾರ ಸಾರಿಗೆ ನಿಗಮಗಳಿಗೆ ಹಣ ಕೊಡಬೇಕು. ಬಾಕಿ ಎಷ್ಟು ಉಳಿಯಿತು ಎಂಬ ಜಗಳ ಬೇರೆ. ಯಾವ ಕೆಲಸಕ್ಕೆ ಎಷ್ಟು ಎಂಬುದಾದರೂ ಸ್ಪಷ್ಟ. ಅಂಚೆಯೊಳಗೇ ಇನ್ನೂ ಹಳೆಯ ಉದಾಹರಣೆ ಇದೆ, ಅದೂ ನಿಮ್ಮ ಮನೆಯವರ ಪಾಸ್ ಬುಕ್ಕಿನಲ್ಲಿ! ಉಳಿತಾಯ ಖಾತೆಗಳನ್ನು ಅಂಚೆ ಇಲಾಖೆ ನಡೆಸುವುದು ಹಣಕಾಸು ಸಚಿವಾಲಯದ ಪರವಾಗಿ. ಅದಕ್ಕಾಗಿ ಒಂದೊಂದು ಖಾತೆಗೆ ಇಷ್ಟೆಂದು ಸಂಭಾವನೆ ಪಡೆಯುತ್ತದೆ, ಅದು ಇಲಾಖೆಯ ದೊಡ್ಡ ಆದಾಯಗಳಲ್ಲೊಂದು. ಅದನ್ನು ಯಾರೂ ಸಹಾಯಧನ ಎನ್ನುವುದಿಲ್ಲ, ಆದಾಯ ಎನ್ನುತ್ತಾರೆ. ದೂರದ ಹಳ್ಳಿಯಲ್ಲಿ ದಿನವೂ ಬಾಗಿಲು ತೆರೆದಿಡುವುದಕ್ಕೂ ಇದೇ ರೀತಿ ಕಚೇರಿಗೆ ಇಷ್ಟೆಂದು ಮೊದಲೇ ನಿಗದಿ ಮಾಡಿ ಕೊಟ್ಟರೆ, ಬಾಗಿಲು ತೆರೆಯದ ಕಚೇರಿಗೆ ದುಡ್ಡಿಲ್ಲ ಎನ್ನುವ ಅಧಿಕಾರವೂ ಸಿಗುತ್ತದೆ. ಹದಿನೈದು ದಿನಕ್ಕೊಮ್ಮೆ ಒಟ್ಟುಗೂಡಿಸಿ ಕಾಗದ ಹಂಚುವ ಕಡೆಯೂ, ದಿನವೂ ಹಂಚುವ ಕಡೆಯೂ ಒಂದೇ ಸಹಾಯಧನ ಹೋಗುವುದು ನಿಜಕ್ಕೂ ಅನ್ಯಾಯ.

ಯಾರಿಗೆ ಅಗ್ಗದ ದರ ಬೇಕಿಲ್ಲವೋ ಅವರಿಂದ ಪೂರ್ತಿ ಬೆಲೆ ಪಡೆಯುವುದೂ ಆಗಬೇಕು. ಟೀವಿ ಸ್ಪರ್ಧೆಗಳ ಉತ್ತರ ಬರೆದ ಐವತ್ತು ಪೈಸೆಯ ಕಾರ್ಡುಗಳು ಚೀಲಗಟ್ಟಲೆ ಬರತೊಡಗಿದಾಗ ಇಲಾಖೆ ಸ್ಪರ್ಧೆಗೆಂದೇ ಬೇರೆ ಕಾರ್ಡು ತಂದಿತು, ಅದರ ಬೆಲೆ ಹತ್ತು ರೂಪಾಯಿಗೇರಿತು. ಇದೊಂದು ಜಾಣ ಕೆಲಸ. ಸಾದಾ ಕಾರ್ಡಿನ ಬೆಲೆಯನ್ನು ಎರಡೋ ಮೂರೋ ರೂಪಾಯಿ ಮಾಡಿದರೂ ನನ್ನ ತಕರಾರಿಲ್ಲ. ಕಾರ್ಡು ಬರೆಯುವವರೇ ಇಷ್ಟು ಕಡಿಮೆಯಾಗಿರುವಾಗ ಅದರಿಂದ ಕೊರತೆಯೇನೂ ತುಂಬುವುದಿಲ್ಲ ಎಂಬುದನ್ನು ಮಾತ್ರ ನೆನಪಿಡಬೇಕು. ಇಲ್ಲಿ ನನ್ನ ಸ್ವಾರ್ಥವನ್ನೂ ಹೇಳಿಬಿಡುತ್ತೇನೆ. ನೋಂದಾಯಿತ ಪತ್ರಿಕೆಗಳಿಗೆ ಅಂಚೆಯಲ್ಲಿ ಬಹಳ ವರ್ಷಗಳಿಂದ ಇರುವ ದರ 50 ಗ್ರಾಂವರೆಗೆ 25 ಪೈಸೆ, 100 ಗ್ರಾಂವರೆಗೆ 50 ಪೈಸೆ. ಈ ಸಂಚಿಕೆ ನಿಮ್ಮ ಕೈಗೆ ಅಂಚೆಯಲ್ಲಿ ಬಂದಿದ್ದರೆ ಅದರಲ್ಲೂ ತೆರಿಗೆದಾರರ ಪಾಲಿದೆ. ಪತ್ರಿಕೆಯಲ್ಲಿ ಕೂತು ಅಂಚೆಯ ಸಹಾಯಧನದ ಪರವಾಗಿ ಬರೆಯುವವರ ಮಾತನ್ನು ಅಷ್ಟರ ಮಟ್ಟಿಗೆ ಸೋಸಿಯೇ ಓದಿಕೊಳ್ಳಿ.

ಇನ್ನೊಂದು ಮಾತು ಬಿಟ್ಟುಹೋಗಬಾರದು. ಸಹಾಯಧನ ಎಂದರೆ ಸರ್ಕಾರ ಹಳ್ಳಿಗೆ ಕೊಡುವುದು ಎಂದು ನಾವು ತಿಳಿದಿದ್ದೇವೆ. ಆದರೆ ಶಾಖಾ ಕಚೇರಿಗೆ ಜಾಗ ಒದಗಿಸಬೇಕಾದವರು ಸ್ವತಃ ಪೋಸ್ಟ್ ಮಾಸ್ಟರ್. ಅದಕ್ಕೇ ನಿಮ್ಮೂರಿನ ಕಚೇರಿ ಯಾರದೋ ಮನೆಯ ಜಗಲಿಯಲ್ಲೋ ಹೊರಗಿನ ಕೋಣೆಯಲ್ಲೋ ಇರುವುದು. ಈ ಭತ್ಯೆಯ ಹೊರತಾಗಿ ಬದುಕಲು ಬೇರೆ ದಾರಿ ಇರಬೇಕು ಎಂಬುದೂ ಅವರಿಗೆ ಹಾಕಿರುವ ಷರತ್ತು. ಲೆಕ್ಕದ ಪ್ರಕಾರ ನಾಲ್ಕೈದು ಗಂಟೆ ಕೆಲಸ. ಸಂಜೆ ಏಳಕ್ಕೆ ಬಾಗಿಲು ತಟ್ಟಿ 'ನನ್ನ ಪಾಸ್ ಬುಕ್ಕು ಬರೆದಾಯ್ತಾ' ಎಂದು ಕೇಳುವ ನೆರೆಯವರಿಗೆ ಆ ಲೆಕ್ಕ ಗೊತ್ತಿರುವುದಿಲ್ಲ. ಅವರೇ ಒದಗಿಸಿದ ಆ ಕೋಣೆ, ಎಣಿಕೆಗೆ ಬಾರದ ಆ ಗಂಟೆಗಳು, ಇಲ್ಲದ ಪಿಂಚಣಿ ಇವನ್ನೆಲ್ಲ ರೂಪಾಯಿಗೆ ಇಳಿಸಿದರೆ ಯಾರು ಯಾರಿಗೆ ಸಹಾಯಧನ ಕೊಡುತ್ತಿದ್ದಾರೆ ಎಂಬ ಅನುಮಾನ ಬರುತ್ತದೆ. ನಿಮ್ಮ ಮಗ ಮುಂದಿನ ಸಲ ರಸ್ತೆಯ ಮಾತೆತ್ತಿದಾಗ ಇದನ್ನೂ ಅವರ ಮುಂದಿಡಿ.

ಕೊನೆಗೆ, ನಿಮ್ಮೂರಿನ ಕಚೇರಿಯ ನಿಜವಾದ ಲೆಕ್ಕ ತಿಳಿಯಬೇಕೆಂದಿದ್ದರೆ ನನ್ನ ಒರಟು ಗುಣಾಕಾರವನ್ನು ನಂಬಿಕೊಂಡು ಕೂರಬೇಕಾಗಿಲ್ಲ. ನಿಮ್ಮ ವಿಭಾಗದ ಅಂಚೆ ಅಧೀಕ್ಷಕರ ಕಚೇರಿಗೆ ಮಾಹಿತಿ ಹಕ್ಕಿನಡಿ ಒಂದು ಅರ್ಜಿ ಬರೆದು, ಶಾಖೆಯ ಹೆಸರು ಹೇಳಿ, ಕಳೆದ ಮೂರು ವರ್ಷಗಳ ಆದಾಯ ಎಷ್ಟು, ಖರ್ಚು ಎಷ್ಟು, ನಡೆಯುತ್ತಿರುವ ಖಾತೆಗಳೆಷ್ಟು, ಬಟವಾಡೆಯಾದ ಟಪಾಲು ಎಷ್ಟು ಎಂದು ಕೇಳಿ. ನಿಮ್ಮೂರು ಸಾಮಾನ್ಯ ಪಟ್ಟಿಯಲ್ಲಿದೆಯೋ ಗುಡ್ಡಗಾಡಿನ ಪಟ್ಟಿಯಲ್ಲಿದೆಯೋ ಎಂಬುದನ್ನೂ ಕೇಳಿ. ಮೂರನೇ ಒಂದು ಭಾಗ ಗಳಿಸಬೇಕೋ ಶೇಕಡಾ 15 ಸಾಕೋ ಎಂಬುದು ಅದರ ಮೇಲೆ ನಿಂತಿದೆ. ಅರ್ಜಿಯ ಜೊತೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಡಬೇಕು. ಅದು ಶಾಖಾ ಕಚೇರಿಯಲ್ಲಿ ಸಿಗದಿದ್ದರೆ ಹೊಸನಗರದಲ್ಲಿ ಸಿಗುತ್ತದೆ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕೆಂಬುದು ಕಾನೂನು. ಅಷ್ಟು ದಿನ ಪೋಸ್ಟ್‌ಮ್ಯಾನ್ ದಾರಿ ಕಾಯುತ್ತಿರಿ, ಆ ಉತ್ತರ ಬರುವುದೂ ಅಂಚೆಯಲ್ಲೇ.